ಧಾರೆ ಎರೆದ ಷೇರು

ಕೆಂಚವೀರಪ್ಪನ ದೇವರ ಜಗಲಿಯ ಮೇಲೆ, ಕಟ್ಟು ಹಾಕಿಸಿದ ಒಂದು ಷೇರು ಕಾಗದವೂ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಹರಿಹರದ ಹೊಸ ಬೆಂಕಿಪೊಟ್ಟಣ ಕಂಪನಿಯದು. ಸೋರುವ ಸೂರಿಗೆ ಹೆಂಚು ಹೊದಿಸಲೆಂದು ಹೆಂಡತಿ ಪುಟ್ಟಕ್ಕ ಕೂಡಿಸಿದ್ದ ನೂರು ರೂಪಾಯಿ ಅದಕ್ಕೆ ಹೋಗಿತ್ತು. ಷೇರು ಇದ್ದವನೇ ಮಾಲೀಕ ಎಂದು ಏಜೆಂಟ್ ಹೇಳಿದ್ದ. ಹತ್ತಿ ಗಿರಣಿಯಲ್ಲಿ ನೂಲು ಸುತ್ತುವ ಕೆಂಚವೀರಪ್ಪ ಅಂದಿನಿಂದ ತಾನಿದ್ದ ನಿಟ್ಟುವಳ್ಳಿಯಲ್ಲೆಲ್ಲ "ನಮ್ಮ ಕಂಪನಿ" ಎಂದೇ ಮಾತಾಡುತ್ತಿದ್ದ.

ಆ ಸೋಮವಾರ ಬೆಳಿಗ್ಗೆ ಎದುರುಮನೆ ಓಬಕ್ಕ ಓಡಿ ಬಂದಳು.

"ಕೆಂಚಣ್ಣಾ, ನಿನ್ ಕಂಪನಿ ಬರೇ ಮೋಸವಂತೆ! ಒಂದು ಕಡ್ಡೀನೂ ಮಾಡಿಲ್ಲಂತೆ. ಸರ್ಕಾರದೋರು ಬಂದು ಮಾಲೀಕರ್ನೆಲ್ಲ ಹಿಡಿಯಾಕತ್ತ್ಯಾರಂತೆ!"

ಕೆಂಚವೀರಪ್ಪ ಬಿಸಿಲಿಗಿಟ್ಟ ಬೆಣ್ಣೆಯಾದ. "ಒಲೆಗೆ ಹಾಕ್ಲೇನು?"

"ಕುಂಕುಮ ಹಚ್ಚಿದ್ದನ್ನ ಸುಡ್ತಾರೇನ್ರಿ?" ಎಂದಳು ಪುಟ್ಟಕ್ಕ.

"ದಾನ ಕೊಟ್ಬಿಡು. ಧಾರೆ ಎರೆದ ಮ್ಯಾಲೆ ಅದು ನಿಂದಲ್ಲ," ಎಂದು ಓಬಕ್ಕ ತೀರ್ಪು ಕೊಟ್ಟಳು.

ಇಂಥ ದಾನ ಹಿಡಿಯುವವರು ಯಾರು? ಹಿಂದೆ ಮುಂದೆ ಯಾರೂ ಇಲ್ಲದ, ಎತ್ತಿನಗಾಡಿ ಹೊಡೆಯುವ ಸಣ್ಣಬೀರಪ್ಪ ಮುಂದೆ ಬಂದ. "ಕೊಡಪಾ. ಜೈಲಾದ್ರೆ ಎರಡು ಹೊತ್ತು ಮುದ್ದೆ ಕೂತಲ್ಲಿಗೇ ಬರ್ತೈತೆ."

ಎಲೆ ಅಡಿಕೆ, ತೆಂಗಿನಕಾಯಿ, ಒಂದು ರೂಪಾಯಿ ದಕ್ಷಿಣೆ. ಓಣಿಯವರೆಲ್ಲ ಸೇರಿದರು. ಮಗಳನ್ನು ಗಂಡನ ಮನೆಗೆ ಕಳಿಸುವವಳಂತೆ ಪುಟ್ಟಕ್ಕ ಮೂಗು ಒರೆಸಿಕೊಳ್ಳುತ್ತ ನೀರು ಎರೆದಳು.

ಮಧ್ಯಾಹ್ನ ಜೀಪು ಬಂತು. ಅಧಿಕಾರಿ ಪಟ್ಟಿ ನೋಡಿ ಕೇಳಿದರು: "ಕೆಂಚವೀರಪ್ಪ ಯಾರು? ಷೇರು ನಿಮ್ಮದೇ ತಾನೇ?"

"ನಂದಲ್ಲ ಸ್ವಾಮಿ! ಸಣ್ಣಬೀರಪ್ಪಂದು. ಧಾರೆ ಎರೆದೀನಿ."

"ಹೌದ್ರಿ, ನಾವೆಲ್ಲ ಸಾಕ್ಷಿ!" ಎಂದಿತು ಓಣಿ.

ಅಧಿಕಾರಿ ಹಾಗೆಂದೇ ಬರೆದುಕೊಂಡರು. ಕೆಂಚವೀರಪ್ಪ ರುಜು ಹಾಕಿದ. ಓಣಿಯವರು ತಳ್ಳಾಡಿಕೊಂಡು ಹೆಬ್ಬೆಟ್ಟು ಒತ್ತಿದರು.

"ಏಜೆಂಟ್ ಸಿಕ್ಕಿಬಿದ್ದಿದ್ದಾನೆ," ಎಂದರು ಅಧಿಕಾರಿ, ಪೆನ್ನು ಮುಚ್ಚುತ್ತ. "ಮೋಸ ಹೋದವರಿಗೆ ಹಣ ವಾಪಸ್ ಕೊಡ್ತಿದ್ದೀವಿ. ಸಣ್ಣಬೀರಪ್ಪನವರೇ, ಕಾಗದ ತಗೊಂಡು ಜೀಪು ಹತ್ತಿ. ಹರಿಹರದಲ್ಲೇ ಕೊಡಿಸ್ತೀವಿ."

ಕೆಂಚವೀರಪ್ಪ ತಾನು ಆಗಷ್ಟೇ ಹಾಕಿದ ರುಜು ನೋಡಿದ. ಪುಟ್ಟಕ್ಕ ಸೂರು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಸಣ್ಣಬೀರ ಒಳ್ಳೇನು. ಇನ್ನೊಬ್ರ ದುಡ್ಡು ಮುಟ್ಟಲ್ಲ," ಎಂದು ಓಬಕ್ಕ ಸಮಾಧಾನ ಹೇಳಿದಳು.

ಅದು ನಿಜವೇ ಆಯಿತು. ದೀಪ ಹಚ್ಚುವ ಹೊತ್ತಿಗೆ ಸಣ್ಣಬೀರಪ್ಪ ನಗುತ್ತ ಬಂದ.

"ಅಣ್ಣಾ, ನಿನ್ನ ನೂರು ರೂಪಾಯಿ ನಾನು ಹೆಂಗೆ ತಿನ್ಲಿ? ಒಂದು ಪೈಸೆ ಮುಟ್ಟಿಲ್ಲ ನೋಡು!" ಎನ್ನುತ್ತ ಅಂಗಿಯೊಳಗಿಂದ ಗರಿಗರಿಯಾದ ಒಂದು ಕಾಗದ ತೆಗೆದ. "ಹರಿಹರದ ಬಸ್ ಸ್ಟ್ಯಾಂಡಿನಾಗೆ ಒಬ್ಬ ಪುಣ್ಯಾತ್ಮ ಸಿಕ್ಕಿದ್ದ. ಅಕ್ಕಂಗೆ ಹೆಂಚು ಬೇಕಲ್ಲಾಂತ ಹೆಂಚಿನ ಕಂಪನೀದೇ ಷೇರು ತಂದೀನಿ. ನಿನ್ ಹೆಸರಿಗೇ ಬರೆಸೀನಿ. ಮತ್ತೆ ನೀನೇ ಮಾಲೀಕ!"