ಕಲಾಭವನದ ಹಿಂದಿನವರು

ದೇವದುರ್ಗದ ಬಯಲಾಟ ಕಲಾಭವನಕ್ಕೆ ಐವತ್ತು ವರ್ಷ ತುಂಬಿರುವುದೂ, ಅದರ ಹಿಂದೆ ಒಂದು ಪಂಕ್ಚರ್ ಅಂಗಡಿ ಇರುವುದೂ ದಾಖಲೆಗಳಿಂದ ಸಾಬೀತಾಗಿದೆ. ಇವೆರಡಕ್ಕೂ ಸಂಬಂಧವಿದೆಯೆಂದು ರಾಯಚೂರಿನ ಮೇಲಿನ ಕಚೇರಿಯ ಆದೇಶ ಬರುವವರೆಗೆ ಇಲ್ಲಿಯ ಗುಮಾಸ್ತನಾದ ನನಗೂ ಗೊತ್ತಿರಲಿಲ್ಲ.

“ಸುವರ್ಣ ಮಹೋತ್ಸವದ ಅಂಗವಾಗಿ ಕಲಾಭವನದ ಹಿಂದಿನ ಕೆಲಸಗಾರರನ್ನು ಗುರುತಿಸಿ, ಅವರ ಚರಿತ್ರೆ ಬರೆಯಿಸಿ, ವೇದಿಕೆಯಲ್ಲಿ ಹೆಸರು ಕೂಗಿ ಸನ್ಮಾನಿಸತಕ್ಕದ್ದು” ಎಂದು ಅದರಲ್ಲಿತ್ತು.

ನಾನು ನೇರ ಗೋಪಮ್ಮನ ಬಳಿ ಹೋಗಿ ಹೇಳಿದೆ. ಮೂವತ್ತೊಂದು ವರ್ಷದಿಂದ ಪಾತ್ರಧಾರಿಗಳಿಗೆ ಬಣ್ಣ ಹಚ್ಚಿ, ಕಿರೀಟ, ಭುಜಕೀರ್ತಿ ಕಟ್ಟುವಾಕೆ ಅವಳು. ಆಟ ಮುಗಿದಾಗ ಹಿಮ್ಮೇಳದವರಿಂದ ಹಿಡಿದು ಚಹಾ ಕೊಟ್ಟವರವರೆಗೆ ಎಲ್ಲರ ಹೆಸರೂ ಮೈಕಿನಲ್ಲಿ ಬರುತ್ತದೆ. ಅವಳದು ಮಾತ್ರ ಒಮ್ಮೆಯೂ ಬಂದಿಲ್ಲ. ಕೈ ಒರೆಸಿಕೊಂಡು ವ್ಯವಸ್ಥಾಪಕ ಪಂಪಾಪತಿಯವರ ಮುಂದೆ ನಿಂತಳು.

“ಸಾಹೇಬ್ರ, ಒಂದ್ ಸಲ ನನ್ನ ಹೆಸರು ಕೂಗಸ್ರಿ. ನಮ್ಮ ಓಣಿ ಮಂದಿ ಕೇಳಲಿ.”

ಪಂಪಾಪತಿಯವರು ಕೆಟ್ಟವರಲ್ಲ, ಆದೇಶವನ್ನು ಅಕ್ಷರಶಃ ಪಾಲಿಸುವವರು. ಟೇಪು ತರಿಸಿ ಅಳೆದರು. ಬಣ್ಣದ ಕೋಣೆ ರಂಗದ ಎಡಕ್ಕಿತ್ತು.

“ನಿಮ್ಮದು ಎಡಕ್ಕ ಬರ್ತದ ಗೋಪಮ್ಮ. ಆದೇಶದಾಗ ಹಿಂದ ಅಂತ ಅದ.”

ಕಟ್ಟಡದ ಹಿಂದೆ ಹೋಗಿ ನೋಡಲಾಗಿ ಅಲ್ಲಿ ಪಂಕ್ಚರ್ ಅಂಗಡಿಯ ಅಮೀನ್ ಟ್ಯೂಬಿಗೆ ಗಾಳಿ ಹಾಕುತ್ತಿದ್ದ. ತಾನು ಒಂದು ದಿನವೂ ಆಟ ನೋಡಿಲ್ಲ, ನೋಡಿದರೆ ನಿದ್ದೆ ಬರುತ್ತದೆ ಎಂದು ಪ್ರಾಮಾಣಿಕವಾಗಿ ಹೇಳಿದ. ಹಿಂದೆ ಕೂತವರಿಗೆ ಆಟ ಕಾಣುವುದಿಲ್ಲವಾದ್ದರಿಂದ ಇದು ಅನರ್ಹತೆಯಲ್ಲ ಎಂದು ತೀರ್ಮಾನವಾಯಿತು. ಅವನಪ್ಪ ಒಂದೇ ಪಂಪಿನಿಂದ ಅಂಗಡಿ ಶುರುಮಾಡಿದ್ದು ಕಲಾಭವನದ ಚರಿತ್ರೆಯ ಮೊದಲ ಅಧ್ಯಾಯವಾಯಿತು. ಮಾನ್ವಿ ಕಡೆಯಿಂದ ಬಂದ ಮೇಳದವರ ಟೆಂಪೋದ ಟ್ಯೂಬಿಗೆ ಅಮೀನ್ ತೇಪೆ ಹಾಕಿದ್ದನ್ನು ‘ಕಲಾಸೇವೆ’ ಎಂಬ ಎರಡನೇ ಅಧ್ಯಾಯದಲ್ಲಿ ಸೇರಿಸಿದೆವು. ಬರೆದವನು ನಾನೇ. ನಾಚಿಕೆಯಾಯಿತು. ಕಡತದಲ್ಲಿ ನಾಚಿಕೆಗೆ ಕಾಲಂ ಇಲ್ಲ.

ಮನಸ್ಸು ತಡೆಯದೆ ‘ಹಿಂದಿನ’ ಎಂದರೇನೆಂದು ಸ್ಪಷ್ಟೀಕರಣ ಕೋರಿದೆ. ಹನ್ನೊಂದು ದಿನಕ್ಕೆ ಉತ್ತರ ಬಂತು: “ಮೊದಲು ಇದ್ದು ಈಗ ಇಲ್ಲದವರು ಎಂದೂ ಅರ್ಥೈಸಬಹುದು. ಸೂಕ್ತ ಕ್ರಮ ಕೈಗೊಳ್ಳುವುದು.”

“ಹೆಸರು ಕೂಗ್ಸಾಕ ನಾ ಸಾಯ್ಬೇಕೇನ್ರಿ?” ಎಂದು ಗೋಪಮ್ಮ ಕೇಳಿದಳು.

ಪಂಪಾಪತಿಯವರು ಪತ್ರವನ್ನು ಇನ್ನೊಮ್ಮೆ ಓದಿ, ಅದು ಕಡ್ಡಾಯವಲ್ಲ ಎಂದರು.

ಕೊನೆಗೆ ದಾರಿ ತೋರಿಸಿದವನು ಅಮೀನ್. “ಯವ್ವಾ, ನಿನ್ನ ಬಣ್ಣದ ಡಬ್ಬಿ ನನ್ನ ಅಂಗಡ್ಯಾಗ ಇಡು. ಹಿಂದ ಬಂದಂಗಾತು.” ಡಬ್ಬಿ ಸ್ಥಳಾಂತರಗೊಂಡಿತು. ಟೇಪು ಹಿಡಿದು ನೋಡಿ, ‘ಗೋಪಮ್ಮ, ಪಂಕ್ಚರ್ ಸಹಾಯಕಿ’ ಎಂದು ಪಟ್ಟಿಗೆ ಸೇರಿಸಿದೆವು. ಮಹೋತ್ಸವದ ದಿನ ಆಕೆ ಹೊಸ ಸೀರೆ ಉಟ್ಟು ಬಂದಳು. ಓಣಿಯ ಮಂದಿ ಮುಂದಿನ ಸಾಲು ಹಿಡಿದು ಕೂತರು.

ಆ ಸಂಜೆ ಕಲ್ಲೂರಿನ ಮೇಳದ ಆಟವಿತ್ತು. ಅಮೀನ್ ಶಾಲು ಹೊದ್ದು ಇಳಿದ ಮೇಲೆ ಮೈಕಿನಲ್ಲಿ ಗೋಪಮ್ಮನ ಹೆಸರು ಬಂತು. ಮೂರು ಸಲ ಕೂಗಿದರು. ಆಗ ಆಕೆ ಎಡಗಡೆ ಕೋಣೆಯಲ್ಲಿ ರಾಜನ ಪಾತ್ರಧಾರಿಗೆ ಕಿರೀಟ ಕಟ್ಟುತ್ತಿದ್ದಳು. ದಾರ ಹಲ್ಲಿನಲ್ಲಿ ಕಚ್ಚಿಕೊಂಡಿದ್ದರಿಂದ ಓಗೊಡಲಾಗಲಿಲ್ಲ. ಬಿಟ್ಟು ಓಡಿದ್ದರೆ ಕಿರೀಟ ಬಿಚ್ಚುತ್ತಿತ್ತು, ರಾಜನ ಪ್ರವೇಶವೂ ನಿಲ್ಲುತ್ತಿತ್ತು. ನಾನು ಬಾಗಿಲಲ್ಲೇ ಇದ್ದೆ, ಆಕೆಯ ಕಣ್ಣು ತುಂಬಿದ್ದು ನೋಡಿದೆ.

ಮರುದಿನ ಗೋಪಮ್ಮನಿಗೆ ನೋಟಿಸು ಹೊರಟಿತು. ಟೈಪು ಮಾಡಿದ್ದೂ ನಾನೇ. ಕರ್ತವ್ಯದ ಸ್ಥಳವಾದ ಪಂಕ್ಚರ್ ಅಂಗಡಿಯಲ್ಲಿರದೆ, ಅನುಮತಿಯಿಲ್ಲದೆ ಕಿರೀಟ ಕಟ್ಟುತ್ತಿದ್ದುದಕ್ಕೆ ಕಾರಣ ಕೇಳಲಾಗಿತ್ತು. ಗೋಪಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿದಳು.

“ಹೆಸರು ಬರೋಬ್ಬರಿ ಬರ್ದಾರಲ್ರಿ?”

ಬರೋಬ್ಬರಿ ಇದೆ ಎಂದೆ. ನನ್ನಿಂದಲೇ ತಪ್ಪೊಪ್ಪಿಗೆ ಬರೆಸಿ ಸಹಿ ಹಾಕಿ, ನೋಟಿಸನ್ನು ಬಣ್ಣದ ಕೋಣೆಯ ಕನ್ನಡಿಯ ಪಕ್ಕ ಅಂಟಿಸಿಕೊಂಡಳು.

ಈಗ ಎಲ್ಲ ಸುಸೂತ್ರವಾಗಿದೆ. ಆಟವಿರುವ ದಿನ ಗೋಪಮ್ಮ ಪಂಕ್ಚರ್ ಅಂಗಡಿಗೆ ರಜೆ ಬರೆದುಕೊಟ್ಟು ಬಣ್ಣ ಹಚ್ಚಲು ಬರುತ್ತಾಳೆ. ರಜೆಯನ್ನು ಅಮೀನ್ ಮಂಜೂರು ಮಾಡುತ್ತಾನೆ.