ಹುಳ ಹಣ್ಣಾಗುವ ಟೈಮು

ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಒಂದು ಇಂಗ್ಲಿಷ್ ಪದವಿಲ್ಲದೆ ನನ್ನ ದಿನ ಸಾಗುವುದಿಲ್ಲ. ಅದು 'ಟೈಮು'. ರಾಮನಗರದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಟೈಮ್ ಟೇಬಲ್ ಹಾಕುವ ಕೆಲಸ ವರ್ಷವೂ ನನ್ನ ಕೊರಳಿಗೇ ಬೀಳುತ್ತದೆ. ಯಾವ ಮೇಷ್ಟ್ರು ಯಾವ ಗಳಿಗೆಯಲ್ಲಿ ಎಲ್ಲಿರಬೇಕು ಎಂದು ಚೌಕಚೌಕವಾಗಿ ಗೀಚಿ ಗೀಚಿ, ಟೈಮೆಂಬುದು ನನ್ನ ಪಿತ್ರಾರ್ಜಿತ ಆಸ್ತಿಯೇ ಇರಬೇಕು ಎಂಬ ಭ್ರಮೆ ಯಾವಾಗಲೋ ಹತ್ತಿಬಿಟ್ಟಿದೆ. ಮನೆಯಲ್ಲಿ ಕಾಫಿ ತಡವಾದರೂ ಫಸ್ಟ್ ಪೀರಿಯಡ್ ಹಾಳಾಯಿತೆಂದು ಗೊಣಗುತ್ತೇನೆ. ನನ್ನ ಹೆಂಡತಿ ಸರೋಜ ಅದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಮ್ಮವ್ವನಿಗೆ ಈ ಪದ ಬೇಕಾಗಿರಲಿಲ್ಲ. ಅವಳಿಗೆ ಹೊತ್ತು ಇತ್ತು. ಹೊತ್ತು ಹುಟ್ಟುತ್ತಿತ್ತು, ಹೊತ್ತು ನೆತ್ತಿಗೇರುತ್ತಿತ್ತು, ಹೊತ್ತು ಮುಳುಗುತ್ತಿತ್ತು, ನಾನು ಹೊತ್ತು ಗೊತ್ತು ಇಲ್ಲದೆ ಆಡಿ ಬಂದರೆ ಬೆನ್ನಿಗೆ ಬೀಳುತ್ತಿತ್ತು. ಈಗ ಹೊತ್ತು, ವೇಳೆ, ಗಳಿಗೆ, ಸಮಯ, ಯೋಗ, ಹಣೆಬರಹ, ಎಲ್ಲವನ್ನೂ ಈ ಒಂದು ಟೈಮೇ ನುಂಗಿ ನೀರು ಕುಡಿದಿದೆ. ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು 'ಟೈಮಾಗಿಲ್ಲ' ಎಂದರೆ ಡ್ರೈವರ್ ಟೀ ಕುಡಿಯುತ್ತಿದ್ದಾನೆ ಎಂದು ಅರ್ಥ. ಕನಕಪುರದ ನಮ್ಮ ಟೈಲರ್ 'ಒಸಿ ಟೈಮ್ ಕೊಡಿ ಸಾ' ಎಂದರೆ ಬಟ್ಟೆಗೆ ಇನ್ನೂ ಕತ್ತರಿಯನ್ನೇ ಹಾಕಿಲ್ಲ. ಸೋತವನ ಟೈಮ್ ಸರಿಯಿಲ್ಲ, ಗೆದ್ದವನದು ಟೈಮ್ ನಡೆಯುತ್ತಿದೆ, ಸತ್ತವರದು ಟೈಮ್ ಬಂತು. ಊಟದ ಹೊತ್ತಿಗೆ ಹೋದವನನ್ನು 'ಟೈಮಿಗೆ ಸರಿಯಾಗಿ ಬಂದ್ರಿ' ಎಂದು ಸ್ವಾಗತಿಸುತ್ತಾರೆ, ಅದರಲ್ಲಿ ಸಂತೋಷವೆಷ್ಟು ಸಂಕಟವೆಷ್ಟು ಎಂಬುದನ್ನು ಬಡಿಸುವ ಸೌಟು ನೋಡಿ ತಿಳಿಯಬೇಕು. ಇಷ್ಟೆಲ್ಲ ಬಲ್ಲ ನನಗೆ ಗೊತ್ತಿಲ್ಲದ ಟೈಮೊಂದಿತ್ತು. ಅದು ಕಳೆದ ಜ್ಯೇಷ್ಠದಲ್ಲಿ ಸಿಕ್ಕಿತು.

ಸರೋಜಳ ತಮ್ಮ ಪುಟ್ಟಸ್ವಾಮಿ ಸಾವನದುರ್ಗ ಎದುರಿಗೇ ಕಾಣುವ ಒಂದು ಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುತ್ತಾನೆ. ಅವನ ಮಗಳು ಚೈತ್ರ ಬಿ.ಎಸ್ಸಿ. ಮುಗಿಸಿದ್ದಾಳೆ. ಬಂದ ಗಂಡುಗಳನ್ನೆಲ್ಲ ಫೋಟೋದಲ್ಲೇ ತಳ್ಳಿಹಾಕುತ್ತಿದ್ದ ಹುಡುಗಿ, ಗಂಡು ಹೆಣ್ಣು ಕೂಡಿಸುವ ಚಟವಿರುವ ನಾನು ತಂದ ಚನ್ನಪಟ್ಟಣದ ಸಂಬಂಧಕ್ಕೆ ಮಾತ್ರ 'ನೋಡಾಣ ಬುಡಿ ಮಾವ' ಎಂದಿದ್ದಳು. ಹುಡುಗನ ಹೆಸರು ಮನು, ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ತಂದೆಯಿಲ್ಲ, ತಾಯಿ ಇದ್ದಾರೆ. ಅವನಿಗೆ ಒಂದು ವಾರ ಹಗಲು ಶಿಫ್ಟು, ಒಂದು ವಾರ ರಾತ್ರಿ ಶಿಫ್ಟು. ಹಾಗಾಗಿ ಹೆಣ್ಣು ನೋಡುವುದು ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ಅಮಾವಾಸ್ಯೆಗೆ ಮುಂಚಿನ ಭಾನುವಾರ ಗೊತ್ತಾಯಿತು. ಅದು ತಪ್ಪಿದರೆ ಆಷಾಢ. ಆಷಾಢ ಕಳೆಯುವಷ್ಟರಲ್ಲಿ ಆ ಹುಡುಗನಿಗೆ ಬೇರೆ ಯಾರಾದರೂ ಹೆಣ್ಣು ಕೊಟ್ಟುಬಿಡುತ್ತಾರೆ ಎಂದು ನನಗೆ ನಿಜವಾಗಿಯೂ ಭಯವಿತ್ತು. ಪಂಚಾಂಗ ನೋಡಿಸಿ ಹತ್ತೂವರೆಗೆ ಒಳ್ಳೇ ಟೈಮು ಹುಡುಕಿಸಿದ್ದೆ. ಮೊದಲು ಕಾಫಿ, ಆಮೇಲೆ ಹುಡುಗಿ, ಆಮೇಲೆ ಎರಡು ಮಾತು, ಆಮೇಲೆ ಉಪ್ಪಿಟ್ಟು ಎಂದು ಮನಸ್ಸಿನಲ್ಲೇ ಪೀರಿಯಡ್‌ಗಳನ್ನೂ ಹಂಚಿದ್ದೆ.

ಭಾನುವಾರ ಬೆಳಗ್ಗೆ ನಾನೂ ಸರೋಜಳೂ ಹೋಗಿ ಬಸ್ಸಿಳಿದರೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಒಲೆ ತಣ್ಣಗಿತ್ತು. ಎಲ್ಲರೂ ಹಿಂದುಗಡೆ ಹುಳದ ಮನೆಯಲ್ಲಿದ್ದರು. ಪುಟ್ಟಸ್ವಾಮಿ ಬಾಗಿಲಿಗೆ ಬಂದು, ನಾನು ಒಳಗೆ ಕಾಲಿಡುವ ಮೊದಲೇ ಕೈ ಅಡ್ಡ ಹಿಡಿದ.

"ಭಾವ, ಹುಳ ಹಣ್ಣಾಗ್ಬುಟ್ಟವೆ. ನಾಳಿಕ್ಕೆ ಅನ್ಕಂಡಿದ್ದೊ, ಬೆಳಗ್ಗೆ ನೋಡುದ್ರೆ ಎಲ್ಲಾ ತಲೆ ಎತ್ಕಂಡು ನಿಂತವೆ. ಇವತ್ತು ನಮ್ಗೆ ಟೈಮಿಲ್ಲ, ಅವ್ರಿಗೆ ಬರಬ್ಯಾಡಿ ಅನ್ನಿ."

ರೇಷ್ಮೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಯಾಗಿ, ಹುಳ ಗೂಡು ಕಟ್ಟಲು ಸಿದ್ಧವಾಗುವುದೇ ಹಣ್ಣಾಗುವುದು. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟೆಗೆ ಬಿಡಬೇಕು. ತಡಮಾಡಿದರೆ ಸೊಪ್ಪಿನಲ್ಲೇ ನೂಲು ಬಿಟ್ಟು, ಅಷ್ಟು ದಿನದ ಬೆಳೆ ಹಾಳು. ಊರಲ್ಲಿ ಎಲ್ಲರ ಮನೆಯಲ್ಲೂ ಒಟ್ಟಿಗೇ ಹಣ್ಣಾದ್ದರಿಂದ ಕೂಲಿಯವರೂ ಸಿಕ್ಕಿರಲಿಲ್ಲ. ನಾನು ಮನುಗೆ ಫೋನ್ ಮಾಡಿದೆ. ಅವರು ಆಗಲೇ ಚನ್ನಪಟ್ಟಣ ಬಿಟ್ಟಾಗಿತ್ತು. ಸರಿ, ನಾನೂ ಹುಳ ಆರಿಸುತ್ತೇನೆ, ಬೇಗ ಮುಗಿಸಿಬಿಡೋಣ ಎಂದು ಪಂಚೆ ಎತ್ತಿ ಕಟ್ಟಿದೆ. ಪುಟ್ಟಸ್ವಾಮಿ ಮೂಗು ಹಿಡಿದು ನೋಡಿದ. ಬಸ್ಸಿನಲ್ಲಿ ಮಂಡಿ ಹಿಡಿದುಕೊಂಡಿತೆಂದು ನಾನು ನೋವಿನ ಮುಲಾಮು ಬಳಿದುಕೊಂಡಿದ್ದೆ. ಹುಳಕ್ಕೆ ಘಾಟು ವಾಸನೆ ಆಗದು. ತೊಳೆದುಕೊಂಡರೂ ಹೋಗುವಂಥದ್ದಲ್ಲ ಅದು. ಸರೋಜ ಸೆರಗು ಸಿಕ್ಕಿಸಿ ಒಳಗೆ ಹೋದಳು. ನನ್ನನ್ನು ಮನೆಯ ಮುಂದಿನ ಜಗಲಿಗೆ ಅಟ್ಟಿದರು.

ಹತ್ತೂವರೆಗೆ ಸರಿಯಾಗಿ ಕಾರು ಬಂತು. ಜಗಲಿಯಲ್ಲಿ ಚಾಪೆಯೂ ಇರಲಿಲ್ಲ. ನಾನು ನಡೆದದ್ದೆಲ್ಲ ಹೇಳಿ, ಕ್ಷಮಿಸಬೇಕು, ಇವತ್ತು ಹೀಗಾಯಿತು ಎಂದೆ. ಸಂಬಂಧ ಕೈತಪ್ಪಿತು ಎಂದೇ ನನ್ನ ಲೆಕ್ಕ. ಮನುವಿನ ತಾಯಿ ಪೂರ್ತಿ ಕೇಳಿಸಿಕೊಂಡು, ಹುಡುಗಿಗೆಂದು ತಂದಿದ್ದ ಮಲ್ಲಿಗೆ ದಂಡೆಯನ್ನು ಹುಳಕ್ಕೆ ವಾಸನೆಯಾದೀತೆಂದು ಕಾರಿನೊಳಗೆ ಇಟ್ಟರು.

"ನಮ್ ತವರಲ್ಲೂ ಹುಳ ಮೇಯುಸ್ತಿದ್ರು ಮೇಷ್ಟ್ರೇ. ಹಣ್ಣಾದ ಹುಳ ನೆಂಟ್ರು ಬಂದವ್ರೆ ಅಂತ ಕಾಯ್ತದಾ?"

ಮಗ ಹಚ್ಚಿಕೊಂಡು ಬಂದಿದ್ದ ಸೆಂಟಿಗಾಗಿ ಅವನನ್ನು ತೊಟ್ಟಿಯ ಹತ್ತಿರ ನಿಲ್ಲಿಸಿ, ಪುಟ್ಟಸ್ವಾಮಿಯ ಹಳೇ ಅಂಗಿ ಕೇಳಿ ಹಾಕಿಸಿ, ಮುಖ ಕತ್ತು ತೊಳೆಸಿ, ಕೈಹಿಡಿದು ಹುಳದ ಮನೆಗೆ ಕರೆದುಕೊಂಡು ಹೋದರು. ನಾನು ಜಗಲಿಯಲ್ಲಿ ಒಬ್ಬನೇ ಉಳಿದೆ. ಇನ್ನು ಒಂದರ್ಧ ಗಂಟೆ ಬಿಟ್ಟು ಇಬ್ಬರನ್ನೂ ಹೊರಗೆ ಕರೆದು, ಎದುರುಬದುರು ಕೂರಿಸಿ, ಶಾಸ್ತ್ರ ಮುಗಿಸಿಬಿಡಬೇಕು ಎಂದು ಯೋಚಿಸುತ್ತಾ ಕಂಬಕ್ಕೆ ಒರಗಿದೆ.

ಎದುರಿಗೆ ಸಾವನದುರ್ಗ. ಅಷ್ಟಗಲದ ಬಂಡೆಯ ಮೇಲೆ ಮೋಡದ ನೆರಳೊಂದು ನಿಧಾನವಾಗಿ ಹತ್ತುತ್ತಿತ್ತು. ಅದು ತುದಿ ಮುಟ್ಟಲಿ, ಆಮೇಲೆ ಏಳೋಣ ಎಂದುಕೊಂಡೆ. ನೆರಳಿಗೆ ಯಾವ ಅವಸರವೂ ಇದ್ದಂತಿರಲಿಲ್ಲ. ಹಿಪ್ಪುನೇರಳೆ ತೋಟದ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಹಿಂದುಗಡೆಯಿಂದ ಮಾತು ಕೇಳುತ್ತಿತ್ತು, ಪದಗಳು ಮಾತ್ರ ತಿಳಿಯುತ್ತಿರಲಿಲ್ಲ. ಆಮೇಲೆ ನಾನು ಹುಳಗಳಿಗೆ ಟೈಮ್ ಟೇಬಲ್ ಹಾಕುತ್ತಿದ್ದೆ. ಹಣ್ಣಾಗುವುದು ಕೊನೇ ಪೀರಿಯಡ್ ಎಂದು ಬೋರ್ಡಿನ ಮೇಲೆ ಬರೆದರೆ, ಹುಳಗಳೆಲ್ಲ ತಲೆಯೆತ್ತಿ, ನಮಗೆ ಈಗಲೇ ನಿದ್ದೆ ಬರುತ್ತಿದೆ ಸಾರ್ ಎಂದವು. ಬಾಗಿಲಲ್ಲಿ ಅವ್ವ ನಿಂತಿದ್ದಳು. ಹೊತ್ತಿಳೀತು, ಏಳಪ್ಪ ಎಂದಳು. ಅವ್ವ ಹೋಗಿ ಎಷ್ಟೋ ವರ್ಷವಾಯಿತು. ಎದ್ದರೆ ಆ ದನಿ ನಿಂತುಹೋಗುತ್ತದೆಂದು ನನಗೆ ನಿದ್ದೆಯಲ್ಲೂ ಗೊತ್ತಿತ್ತು. ಇನ್ನೊಂದು ಸಲ ಕರೆಯಲಿ ಎಂದು ಹಾಗೇ ಮಲಗಿದ್ದೆ.

ಕಾರು ಸ್ಟಾರ್ಟಾದ ಸದ್ದಿಗೆ ಎಚ್ಚರವಾಯಿತು. ಬಿಸಿಲು ಇಳಿದಿತ್ತು, ತಲೆಯ ಕೆಳಗೆ ಯಾರೋ ದಿಂಬು ಇಟ್ಟಿದ್ದರು. ಕಾರು ಬೀದಿಯ ತಿರುವಿನಲ್ಲಿ ಮರೆಯಾಗುತ್ತಿತ್ತು. ಅವರು ಕೋಪ ಮಾಡಿಕೊಂಡು ಹೋದರೇ ಎಂದು ಗಾಬರಿಯಿಂದ ಎದ್ದು ಕೂತೆ. ಎದುರಿಗೆ ಚೈತ್ರ ನಿಂತಿದ್ದಳು. ಕೈತುಂಬ ಸೊಪ್ಪಿನ ಕಲೆ, ತೊಟ್ಟಿದ್ದು ಹಳೇ ನೈಟಿ, ತಲೆಯಲ್ಲಿ ಮನುವಿನ ತಾಯಿ ಕಾರಿನಲ್ಲಿಟ್ಟಿದ್ದ ಮಲ್ಲಿಗೆ ದಂಡೆ.

ಹುಳವೆಲ್ಲ ಚಂದ್ರಿಕೆಗೆ ಹೋಗಿತ್ತು. ಎಲ್ಲರೂ ಮೊಸರನ್ನ ಉಂಡಿದ್ದರು. ಹೂವನ್ನೂ ಮುಡಿಸಿ ಆಗಿತ್ತು. ಆಷಾಢ ಕಳೆದು ಶ್ರಾವಣದಲ್ಲಿ ನಿಶ್ಚಿತಾರ್ಥ ಎಂದು ಮಾತೂ ಮುಗಿದಿತ್ತು. ಸಂಬಂಧ ತಂದವನು ನಾನು, ಒಂದು ಮಾತು ಎಬ್ಬಿಸಬಾರದಿತ್ತೆ ಎಂದು ಸರೋಜಳ ಮೇಲೆ ರೇಗಿದೆ. ನನಗೆ ಕಣ್ಣಲ್ಲಿ ನೀರೇ ಬಂದಿತ್ತು, ಅಷ್ಟು ಬೇಸರ. ಅವಳು ನಗುತ್ತಾ ಚೈತ್ರಳ ಕಡೆ ನೋಡಿದಳು. ಚೈತ್ರ ಬಂದು ಪಕ್ಕದಲ್ಲಿ ಕೂತಳು.

"ಬ್ಯಾಡ ಅಂದಿದ್ದು ನಾನೇ ಮಾವ. ನೀವ್ ಎದ್ದಿದ್ರೆ ನಮ್ಮಿಬ್ರುನ್ನೂ ಕುರ್ಚಿ ಮ್ಯಾಲೆ ಕೂರಿಸಿ, ಅದೇನ್ ಓದಿದೀಯಾ, ಅಡುಗೆ ಬತ್ತದಾ ಅಂತ ಕೇಳ್ಸಿ ಎಬ್ಬಿಸ್ಬುಡ್ತಿದ್ರಿ. ಒಂದೇ ತಟ್ಟೆ ಆಚೀಚೆ ಕೂತ್ಕಂಡು ಹುಳ ಆರಿಸ್ತಾ ಇಡೀ ದಿನ ಮಾತಾಡುದೊ. ಅದುಕ್ಕೇ ನಂಗೆ ಒಪ್ಗೆ ಆಯ್ತು."

ಇಷ್ಟು ವರ್ಷಗಳಲ್ಲಿ ನಾನು ಓಡಾಡಿ, ಪಂಚಾಂಗ ನೋಡಿಸಿ, ಟೈಮಿಗೆ ಸರಿಯಾಗಿ ಎದುರುಬದುರು ಕೂರಿಸಿದ ಜೋಡಿಗಳೆಷ್ಟೋ. ಒಂದೂ ಕೂಡಿ ಬಂದಿರಲಿಲ್ಲ. ಕೂಡಿ ಬಂದದ್ದು ನಾನು ಗೊರಕೆ ಹೊಡೆದ ಇದೊಂದೇ. ಈಗ ಯಾರಾದರೂ ಬಂದು, ನಮ್ಮ ಹುಡುಗಿಗೂ ಒಂದು ಸಂಬಂಧ ನೋಡಿಕೊಡಿ ಮೇಷ್ಟ್ರೇ ಎಂದರೆ, ನಾನು ಜಾತಕ ಕೇಳುವುದಿಲ್ಲ. ನಿಮ್ಮ ಮನೆಯ ಜಗಲಿಗೆ ಮಧ್ಯಾಹ್ನ ನೆರಳು ಬರುತ್ತದೆಯೇ ಎಂದು ಕೇಳುತ್ತೇನೆ.