ಬಲಕ್ಕೆ ಎಂದು ಹೇಳಿದ ಭಾನುವಾರ

ಓಡುವುದು ಆರೋಗ್ಯಕ್ಕೆ ಒಳ್ಳೆಯದು ಎನ್ನುವವರೆಲ್ಲ ಓಡುವವರ ಆರೋಗ್ಯವನ್ನು ಮಾತ್ರ ಗಮನದಲ್ಲಿಟ್ಟುಕೊಂಡು ಮಾತಾಡುತ್ತಾರೆ. ಅವರ ಜೊತೆ ಒಂದೇ ಮನೆಯಲ್ಲಿ ಬದುಕುವವರ ಗತಿ ಏನಾಗುತ್ತದೆಂದು ಯಾವ ಡಾಕ್ಟರೂ ವಿಚಾರಿಸಿದಂತಿಲ್ಲ. ನಾನು ಡೊಂಬಿವಲಿಯಿಂದ ಠಾಣೆಯ ವಿಮಾ ಕಚೇರಿಗೆ ಹೋಗಿಬರುವವನು. ವಾರವಿಡೀ ಲೋಕಲ್ ಹಿಡಿಯಲು ಓಡುತ್ತೇನೆ, ಮೆಟ್ಟಿಲು ಹತ್ತಿ ಓಡುತ್ತೇನೆ, ಪ್ಲಾಟ್‌ಫಾರ್ಮ್ ಬದಲಾಗಿದೆ ಎಂದು ಕೂಗಿದೊಡನೆ ಇಳಿದು ಇನ್ನೊಂದು ಕಡೆ ಓಡುತ್ತೇನೆ. ಹೀಗೆ ಓಡಿದವನು ರಜಾ ದಿನದಲ್ಲಿ ಸುಮ್ಮನೆ ಬಿದ್ದುಕೊಳ್ಳಬೇಕೆಂದು ಬಯಸಿದರೆ ಅದು ಸೋಮಾರಿತನ ಹೇಗಾಗುತ್ತದೆ ಎಂಬುದು ನನಗೆ ಈವರೆಗೂ ತಿಳಿದಿಲ್ಲ. ಆದರೆ ನನ್ನ ಹೆಂಡತಿ ವಿನೋದಾ ಕಾಲೊನಿಯ ರನ್ನಿಂಗ್ ಕ್ಲಬ್ ಸೇರಿದ ಮೇಲೆ ನಮ್ಮ ಮನೆಯಲ್ಲಿ ಭಾನುವಾರ ಎಂಬುದೇ ಇಲ್ಲ.

ಮೊದಮೊದಲು ಅದನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಡಾಕ್ಟರು ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದೀರಿ, ನಡೆಯಿರಿ ಎಂದರು, ಇವಳು ನಡೆದಳು. ನಡೆಯುತ್ತ ನಡೆಯುತ್ತ ಒಂದು ದಿನ ಓಡತೊಡಗಿದಳು. ಆಮೇಲೆ ಮನೆಯ ನಕ್ಷೆಯೇ ಬದಲಾಯಿತು. ಬಾಲ್ಕನಿಯಲ್ಲಿ ತುಳಸಿಗೂ ಬೂಟಿಗೂ ಜಾಗದ ಜಗಳ. ಫ್ರಿಜ್ಜಿನಲ್ಲಿ ಬೀಟ್‌ರೂಟ್ ರಸ. ನಾನು ರಾತ್ರಿಯ ಊಟದ ಕೊನೆಗೆ ಮಜ್ಜಿಗೆ ಕಲಸುವಷ್ಟರಲ್ಲಿ ಅವಳ ಒಂದು ನಿದ್ದೆ ಮುಗಿದಿರುತ್ತದೆ. ಬೆಳಗಿನ ಜಾವ ಎಂಐಡಿಸಿ ಕಾರ್ಖಾನೆಗಳ ಗಾಳಿ ನಮ್ಮ ಕಿಟಕಿಯಲ್ಲಿ ಇಣುಕುವ ಮೊದಲೇ ಅವಳ ಅಲಾರಂ ಹೊಡೆಯುತ್ತದೆ, ಎಚ್ಚರವಾಗುವುದು ಮಾತ್ರ ನನಗೆ. ಮಗಳ ಹತ್ತಿರ ದೂರು ಹೇಳಿಕೊಂಡರೆ ಅವಳು ಮೊಬೈಲಿನಿಂದ ಕಣ್ಣೆತ್ತದೆ, "ಪಪ್ಪಾ, ಮಮ್ಮೀ ಖುಷ್ ಹೈ ನಾ, ಬಸ್," ಎಂದು ಪ್ರಕರಣ ಮುಗಿಸುತ್ತಾಳೆ.

ಕ್ಲಬ್ಬಿನವರು ಒಂದು ವಾರಾಂತ್ಯದ ಸ್ಪರ್ಧೆ ಇಟ್ಟರು. ಶನಿವಾರ ನವಿ ಮುಂಬಯಿಯ ಸಾನಪಾಡಾದಲ್ಲಿ ಡಾಂಬರು ರಸ್ತೆಯ ಓಟ, ಭಾನುವಾರ ಕಲ್ಯಾಣದ ಆಚೆ ಗುಡ್ಡದ ಬುಡದಲ್ಲಿ ಕಾಡುದಾರಿಯ ಓಟ. ಎರಡೂ ಸೇರಿಸಿ ಬಹುಮಾನ. ಶನಿವಾರ ನನ್ನ ಕೆಲಸ ಚೀಲ ಕಾಯುವುದು. ಎಲ್ಲರ ಚೀಲ, ಕನ್ನಡಕ, ಮಂಗಳಸೂತ್ರಗಳನ್ನೆಲ್ಲ ಕೊರಳಿಗೂ ಕೈಗೂ ನೇತುಹಾಕಿಕೊಂಡು ನಾನು ಸೆಕ್ಟರಿನ ಮೂಲೆಯಲ್ಲಿ ನಿಂತಿದ್ದಾಗ, ಬೆಳಗಿನ ವಾಕಿಂಗಿಗೆ ಬಂದ ಅಜ್ಜಿಯೊಬ್ಬರು ಪರ್ಸು ಎಷ್ಟಕ್ಕೆ ಎಂದು ಕೇಳಿದರು. ಆ ಹೊತ್ತಿಗೆ ಸರಿಯಾಗಿ ವಿನೋದಾ ಓಡಿ ಬಂದಳು. ಅವಳ ಹಿಂದೆ ಸ್ವಲ್ಪ ದೂರದಲ್ಲಿ ಸಾನಪಾಡಾದ ಒಬ್ಬ ಟೀಚರು. ಅವರ ವಯಸ್ಸಿನ ಗುಂಪಿನಲ್ಲಿ ನಮ್ಮವಳೇ ಮೊದಲು.

ಆ ಸಂಜೆ ಅವಳು ಅಂಗಿ ಒಗೆದು ಫ್ಯಾನಿನ ಕೆಳಗೆ ಹರವಿ, ಒಣಗಿತೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ನಾಳೆ ಟೀಚರಿಗಿಂತ ಮುಂದಿದ್ದರೆ ಸಾಕು, ಎರಡು ದಿನದ ಬಹುಮಾನದ ಕಪ್ಪು ಇವಳದು. ಮದುವೆಯಾದಾಗಿನಿಂದ ಇವಳು ಏನನ್ನಾದರೂ ಇಷ್ಟು ಬೇಕೆಂದು ಬಯಸಿದ್ದನ್ನು ನಾನು ನೋಡಿರಲಿಲ್ಲ. ಬಯಸಿದ್ದರೂ ನಾನು ಗಮನಿಸಿರಲಿಕ್ಕಿಲ್ಲ.

ಭಾನುವಾರ ನನಗೆ ಬಡ್ತಿ ಸಿಕ್ಕಿತು. ದಾರಿ ತೋರಿಸುವ ಕೆಲಸ. ಇದನ್ನು ಕೇಳಿ ವಿನೋದಾ ಕ್ಲಬ್ಬಿನ ಮುಖ್ಯಸ್ಥ ಪಾಟಣಕರರನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ್ದು ನನಗೆ ಕಂಡಿತು. ಏನು ಹೇಳಿರಬಹುದೆಂದು ಊಹಿಸಬಲ್ಲೆ. ಒಮ್ಮೆ ಬದ್ಲಾಪುರದ ಗೃಹಪ್ರವೇಶಕ್ಕೆಂದು ಹೊರಟ ಇಡೀ ಸಂಸಾರವನ್ನು ನಾನು ಕಲ್ಯಾಣದಲ್ಲಿ ಕರ್ಜತ್ ಗಾಡಿಯ ಬದಲು ಕಸಾರಾ ಗಾಡಿಗೆ ಹತ್ತಿಸಿ ಟಿಟ್ವಾಳಾದಲ್ಲಿ ಇಳಿಸಿದ್ದೆ. ಅಲ್ಲಿಯ ಗಣಪತಿ ದರ್ಶನ ಚೆನ್ನಾಗಿಯೇ ಆಯಿತು; ಗೃಹಪ್ರವೇಶದ ಊಟ ತಪ್ಪಿತು. ಅಂದಿನಿಂದ ನಮ್ಮ ಬಳಗದಲ್ಲಿ ಯಾರೂ ನನ್ನನ್ನು ದಾರಿ ಕೇಳುವುದಿಲ್ಲ. ಕೇಳಿದರೂ ನಾನು ಹೇಳಿದ್ದಕ್ಕೆ ವಿರುದ್ಧವಾಗಿ ಹೋಗುತ್ತಾರೆ, ಮತ್ತು ಬೇಜಾರಿನ ಸಂಗತಿಯೆಂದರೆ, ಸಮಯಕ್ಕೆ ಸರಿಯಾಗಿ ತಲುಪುತ್ತಾರೆ.

ಪಾಟಣಕರರಿಗೆ ಬೇರೆ ಜನ ಇರಲಿಲ್ಲ. ಓಟಗಾರರ ತಿಂಡಿಯ ಏರ್ಪಾಡು ನನ್ನ ಭಾವ ಶ್ರೀಧರರದು, ಅಂದರೆ ವಿನೋದಾಳ ಅಣ್ಣನದು. ಠಾಣೆಯ ಕೋಪರಿಯಲ್ಲಿ ಅವರದು ಸಸ್ಯಾಹಾರಿ ಹೋಟೆಲು. ಉಪ್ಪಿಟ್ಟು, ಶೀರಾ, ಚಹಾ ಹೊತ್ತ ಅವರ ಟೆಂಪೋದಲ್ಲೇ ಪಾಟಣಕರರು ನನ್ನನ್ನೂ ಕೂರಿಸಿಕೊಂಡು ಬಂದು, ಕಾಡುದಾರಿ ಕವಲಾಗುವಲ್ಲಿ ಇಳಿಸಿದರು. ಪಾಟಣಕರರು ಮೂರು ಭಾಷೆಗಳಲ್ಲಿ ಅಪ್ಪಣೆ ಮಾಡಿದರು: "ರಾವ್ ಸಾಹೇಬ್, ಉಜವೀಕಡೇ. ರೈಟ್ ಸೈಡ್. ಬಲಕ್ಕೆ. ಸಮಝೇ ನಾ?" ಅವರು ಸುಣ್ಣದ ಪುಡಿಯಲ್ಲಿ ಬಾಣದ ಗುರುತನ್ನೂ ಹಾಕಿದರು. ಟೆಂಪೋ ಅವರನ್ನು ಹೊತ್ತು ಬಲಕ್ಕೆ ತಿರುಗಿ, ಓಟ ಮುಗಿಯುವ ಮೈದಾನದ ಕಡೆ ಹೋಯಿತು. ಸ್ವಲ್ಪ ಹೊತ್ತಿಗೆ ಎಮ್ಮೆಗಳ ಹಿಂಡೊಂದು ಬಂದು, ಸುಣ್ಣದ ಬಾಣವನ್ನು ನಿಧಾನವಾಗಿ ತುಳಿದು ಅಳಿಸಿ, ಎಡಗಡೆಯ ತಬೇಲಾದ, ಅಂದರೆ ಎಮ್ಮೆ ಕೊಟ್ಟಿಗೆಯ, ದಾರಿ ಹಿಡಿಯಿತು. ಉಳಿದದ್ದು ನಾನೊಬ್ಬನೇ.

ಹಿರಿಯ ಹೆಂಗಸರನ್ನು ಮೊದಲು, ಉಳಿದ ಹೆಂಗಸರನ್ನು ಆಮೇಲೆ, ಗಂಡಸರನ್ನು ಕೊನೆಗೆ ಬಿಡುವ ಏರ್ಪಾಡಿತ್ತು. ಹಾಗಾಗಿ ಎಲ್ಲರಿಗಿಂತ ಮೊದಲು ಕವಲಿಗೆ ಬಂದವಳು ವಿನೋದಾ. ಮುಖ ಕೆಂಪಾಗಿತ್ತು, ಹೆಜ್ಜೆ ಮಾತ್ರ ಗಡಿಯಾರದ ಹಾಗೆ. ನಾನು ಬಲಗೈ ಚಾಚಿ, "ಬಲಕ್ಕೆ, ಬಲಕ್ಕೆ," ಎಂದೆ. ಅವಳು ನಿಂತಳು. ಬಲಗಡೆಯ ಕಲ್ಲುದಾರಿ ನೋಡಿದಳು. ಎಡಗಡೆ ಎಮ್ಮೆಗಳು ತುಳಿದು ಹದಮಾಡಿದ ಅಗಲವಾದ ದಾರಿ ನೋಡಿದಳು. ಕೊನೆಗೆ ನನ್ನ ಮುಖ ನೋಡಿದಳು.

"ಸರಿಯಾಗಿ ಹೇಳಿ ಮಾರಾಯ್ರೆ. ಬಲವಾ?"

"ಬಲ... ಅಂತಲೇ ಹೇಳಿದ್ದು," ಎಂದೆ.

ಅವಳು ಎಡಕ್ಕೆ ಓಡಿದಳು.

ನಾನು ಕೂಗಿದೆ. ಅವಳು ತಿರುಗದೆ ಕೈಯಾಡಿಸಿದಳು. ಅಡುಗೆಮನೆಯಲ್ಲಿ ಉಪ್ಪು ಎಷ್ಟು ಹಾಕಬೇಕೆಂದು ನಾನು ಸಲಹೆ ಕೊಟ್ಟಾಗಲೂ ಅವಳು ಹಾಗೆಯೇ ಕೈಯಾಡಿಸುತ್ತಾಳೆ. ಹಿಂದಿನಿಂದ ಬಂದ ಹೆಂಗಸರು ನನ್ನ ಕೈ ನೋಡಿದರು, ದೂರದಲ್ಲಿ ವಿನೋದಾಳ ಬೆನ್ನು ನೋಡಿದರು, ಬೆನ್ನನ್ನೇ ನಂಬಿದರು.

ಇಲ್ಲಿಯತನಕ ತಪ್ಪು ನನ್ನದಲ್ಲ. ಇನ್ನು ಮುಂದಿನದನ್ನು ಹೇಳಲು ಸ್ವಲ್ಪ ಕಷ್ಟವಾಗುತ್ತದೆ. ಅವಳು ಅಷ್ಟು ಧೈರ್ಯವಾಗಿ ಹೋದದ್ದನ್ನು ನೋಡುತ್ತ ನಿಂತವನಿಗೆ, ಪಾಟಣಕರರು ಹೇಳಿದ್ದು ನಿಜಕ್ಕೂ ಬಲಕ್ಕೆಯೇ ಎಂಬ ಅನುಮಾನ ಬಂತು. ಮರಾಠಿಯ 'ಉಜವೀ' ಎಂದರೆ ಬಲವೋ ಎಡವೋ? ಇಷ್ಟು ವರ್ಷ ಈ ಊರಿನಲ್ಲಿದ್ದವನಿಗೆ ಅದು ಗೊತ್ತಿಲ್ಲದೇ ಇಲ್ಲ. ಆದರೂ ಆ ಗಳಿಗೆಯಲ್ಲಿ ಮೂರು ಭಾಷೆಗಳೂ ಒಟ್ಟಿಗೆ ಕೈಬಿಟ್ಟವು. ಅಷ್ಟರಲ್ಲಿ ಗಂಡಸರಲ್ಲಿ ಮೊದಲಿಗನಾಗಿ ಶರಣಪ್ಪ ಬಂದ. ಕಲಬುರಗಿ ಕಡೆಯವನು, ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸ, ಕ್ಲಬ್ಬಿನಲ್ಲಿ ಅವನಷ್ಟು ಜೋರಾಗಿ ಓಡುವವರಿಲ್ಲ.

"ಯಾಕಡಿ ಹೋಗ್ಲಿರಿ ಸರ? ಲಗೂ ಹೇಳ್ರಿ."

"ಬಲಕ್ಕೆ ಅಂತ ಕಾಣುತ್ತದೆ ಶರಣಪ್ಪ. ಆದರೆ ನಮ್ಮವಳು ಎಡಕ್ಕೆ ಹೋದಳು."

"ಅಕ್ಕಾವ್ರು ಎಡಕ್ಕ ಹೋಗ್ಯಾರಂದ್ರ ದಾರಿ ಅದೇ ಇರ್ತದ ತಗೋರಿ," ಎಂದು ಅವನು ಹಾರಿಹೋದ.

ಇಬ್ಬರು ಸಾಕ್ಷಿಗಳಾದ ಮೇಲೆ ನನಗೂ ನಂಬಿಕೆ ಬಂತು. ಬಲಗೈ ಇಳಿಸಿ ಎಡಗೈ ಎತ್ತಿದೆ. ಉಳಿದವರನ್ನೆಲ್ಲ "ಎಡಕ್ಕೆ, ಎಡಕ್ಕೆ" ಎಂದು ಹುರುಪಿನಿಂದ ಕಳಿಸಿದೆ. ಅಷ್ಟು ಗಟ್ಟಿ ದನಿಯಲ್ಲಿ ನಾನು ಕಚೇರಿಯಲ್ಲೂ ಎಂದೂ ಮಾತಾಡಿದ್ದಿಲ್ಲ. ಎಲ್ಲರೂ ಎರಡನೇ ಮಾತು ಕೇಳದೆ ನಾನು ಹೇಳಿದ ಕಡೆ ಹೋದರು. ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂಬ ಸಮಾಧಾನವೂ ಆಯಿತು.

ಟೆಂಪೋ ಕಳಿಸಿ ಓಟ ಶುರುವಾಗುವಲ್ಲೇ ಉಳಿದಿದ್ದ ಶ್ರೀಧರ ಭಾವ ಎಲ್ಲರಿಗಿಂತ ಹಿಂದೆ ಬಂದರು. ಅವರು ಓಡುವುದಿಲ್ಲ, ತಿಂಡಿ ಕೊಟ್ಟವರೆಂಬ ಗೌರವಕ್ಕೆ ಎದೆಗೆ ನಂಬರು ಅಂಟಿಸಿಕೊಂಡು ನಡೆಯುತ್ತಾರೆ. ನಾನು ಎಡಗೈ ತೋರಿಸಿದೆ.

"ಎಡಕ್ಕೆ ಎಂತಕ್ಕೆ ಭಾವ?" ಎಂದರು. "ನಮ್ಮ ಟೆಂಪೋ ಹೋದದ್ದು ಬಲಕ್ಕಲ್ಲವಾ? ಉಪ್ಪಿಟ್ಟು ಇರುವುದು ಆಚೆ. ನೀವು ಅದರಲ್ಲೇ ಕೂತು ಬಂದವರಲ್ಲವಾ?"

ನಾನು ಅದರಲ್ಲೇ ಕೂತು ಬಂದವನು. ಅದು ಬಲಕ್ಕೆ ತಿರುಗಿದ್ದನ್ನು ಕಣ್ಣಾರೆ ಕಂಡವನು. ನನ್ನ ಎಡಗೈ ತಾನಾಗಿ ಇಳಿಯಿತು. ಭಾವ ನಿಧಾನವಾಗಿ ಬಲಕ್ಕೆ ನಡೆದುಹೋದರು. ಫೋನಿಗೆ ಸಿಗ್ನಲ್ ಇರಲಿಲ್ಲ. ಎಡಗಡೆಯ ದಾರಿಯಲ್ಲಿ ನಾನೇ ಓಡಿದೆ, ಚಪ್ಪಲಿಯಲ್ಲಿ.

ದಾರಿ ನೇರವಾಗಿ ತಬೇಲಾದ ಗೇಟಿಗೆ ಹೋಗಿ ನಿಂತಿತ್ತು. ಎರಡೂ ಕಡೆ ಬೇಲಿ, ನಡುವೆ ಎಮ್ಮೆಗಳು, ಎಮ್ಮೆಗಳ ನಡುವೆ ನಮ್ಮ ಕ್ಲಬ್ಬು. ತಬೇಲಾದ ಹಾಲಿನ ಭೈಯಾ ಕೋಲು ಹಿಡಿದು, ಹಾಲು ಕರೆಯುವ ಹೊತ್ತಿನಲ್ಲಿ ಇಷ್ಟು ಜನ ಯಾಕೆ ಬಂದಿರಿ ಎಂದು ಬೈಯುತ್ತಿದ್ದ. ನಾನು ಹಿಂದಿನಿಂದ "ತಪ್ಪು ದಾರಿ, ವಾಪಸ್ ಬನ್ನಿ" ಎಂದು ಕೂಗಿದೆ. ಇಕ್ಕಟ್ಟಿನ ದಾರಿಯಾದ್ದರಿಂದ ಹಿಂದಿದ್ದವರು ಮೊದಲು ತಿರುಗಿದರು. ಹಿಂದೆ ಬಿದ್ದವರೆಲ್ಲ ಮುಂದಾದರು. ಮುಂದಿದ್ದವರು ಎಮ್ಮೆಗಳಾಚೆ ಉಳಿದರು. ಹಿಂದೆ ಬಿದ್ದಿದ್ದ ಸಾನಪಾಡಾದ ಟೀಚರು ನನ್ನ ಪಕ್ಕದಲ್ಲೇ ಸರಾಗವಾಗಿ ಓಡಿಹೋದರು. ಶರಣಪ್ಪ ಬೇಲಿ ಹಾರಿದ. ಎಲ್ಲರಿಗಿಂತ ಕೊನೆಗೆ, ಮೊಣಕಾಲಿನವರೆಗೆ ಸಗಣಿ ಮೆತ್ತಿಕೊಂಡು, ವಿನೋದಾ ಬಂದಳು. ನನ್ನನ್ನು ನೋಡಿದಳು. ಕವಲಿನವರೆಗೂ ಹಿಂದೆಯೇ ಓಡಿ ನಾನು ಬಲಕ್ಕೆ ಕೈ ತೋರಿಸಿದೆ. ವಾಪಸು ಬರುವಾಗ ಅದು ಎಡಕ್ಕೆ ಆಗುತ್ತದೆಂಬುದು ಅವಳು ಸರಿಯಾಗಿ ಎಡಕ್ಕೆ ತಿರುಗಿದ ಮೇಲೆ ನನಗೆ ಹೊಳೆಯಿತು.

ಮೈದಾನದಲ್ಲಿ ಪಾಟಣಕರರು ರಿಬ್ಬನ್ ಹಿಡಿದು ಕಾದು ಕಾದು ಸುಸ್ತಾಗಿದ್ದರಂತೆ. ಮೊದಲು ಬಂದವರು ಶ್ರೀಧರ ಭಾವ, ಅದೂ ಸಿಗ್ನಲ್ ಸಿಕ್ಕಿದ ಫೋನಿನಲ್ಲಿ ತೆಂಗಿನಕಾಯಿ ದರ ವಿಚಾರಿಸುತ್ತ. ಆ ದಿನ ಮೊದಲು ಬಂದವರಿಗೆಂದು ಇಟ್ಟ ಕಪ್ಪು ಅವರ ಕೈ ಸೇರಿತು. ಎರಡೂ ದಿನ ಸೇರಿಸಿದ ಹಿರಿಯ ಹೆಂಗಸರ ಕಪ್ಪು ಟೀಚರಿಗೆ. ಆಮೇಲೆ ಪಾಟಣಕರರು ಎಲ್ಲರೆದುರಿಗೆ, ಎಡಕ್ಕೆ ಕಳಿಸಿದವರು ಯಾರೆಂದು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ವಿನೋದಾ ಎದ್ದು ನಿಂತಳು.

"ಮೊದಲು ಎಡಕ್ಕೆ ಹೋದದ್ದು ನಾನು. ಇವರು ಬಲ ಅಂತಲೇ ಹೇಳಿದ್ದರು," ಎಂದಳು. ಮತ್ತೆ ಕೂತು ಉಪ್ಪಿಟ್ಟು ತಿಂದಳು.

ಮನೆಗೆ ಬರುವಾಗ ಟೆಂಪೋದಲ್ಲಿ ಖಾಲಿ ಪಾತ್ರೆಗಳ ನಡುವೆ ನಾವಿಬ್ಬರೇ. ಹೊರಡುವ ಮೊದಲು ಭಾವ ತಮ್ಮ ಕಪ್ಪನ್ನು ತಂಗಿಗೆ ಕೊಡಲು ನೋಡಿದ್ದರು, ಅವಳು ಬೇಡವೆಂದಿದ್ದಳು. ಕಲ್ಯಾಣ ದಾಟುವವರೆಗೆ ಅವಳು ಬೂಟಿನ ಸಗಣಿಯನ್ನು ಕಡ್ಡಿಯಿಂದ ಕೆರೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಸರಿಯಾಗಿಯೇ ಹೇಳಿದ್ದೆನಲ್ಲ ಮಾರಾಯ್ತಿ. ಒಂದು ಸಲವಾದರೂ ನಂಬಬಾರದಿತ್ತಾ?"

ಅವಳು ಕಡ್ಡಿ ಎಸೆದಳು. "ಸರಿ ಹೇಳುವಾಗ ನಿಮ್ಮ ಸ್ವರ ಹೇಗಿರ್ತದೆ ಅಂತ ನನಗೆ ಗೊತ್ತುಂಟಾ? ಇಷ್ಟು ವರ್ಷದಲ್ಲಿ ಕೇಳಿದ್ದೇ ಇಲ್ಲ."

ಡೊಂಬಿವಲಿಯವರೆಗೂ ನಾನು ಈ ಮಾತನ್ನೇ ಮಗುಚಿ ಮಗುಚಿ ನೋಡಿದೆ. ಯೋಚಿಸಿದಷ್ಟೂ ಅವಳು ಹೇಳಿದ್ದೇ ಸರಿ ಎನ್ನಿಸಿತು. ಮೈಮೇಲೆ ಎಮ್ಮೆ ಬಂದರೂ ನನಗೆ ನನ್ನದಕ್ಕಿಂತ ಅವಳದೇ ಸರಿ ಅನ್ನಿಸುತ್ತದೆ ಎಂಬುದೇ ನನ್ನ ನಿಜವಾದ ಕಾಯಿಲೆ. ಅದಕ್ಕೆ ಮದ್ದಾಗಿ ಓಡಿ ಎಂದು ಯಾವ ಡಾಕ್ಟರೂ ಹೇಳಲಾರರು.